ಹಳೆಯ ಆಫ್‌ರೋಡ್ ಗಾಡಿಯ ಹಿಂದಿನ ಸೀಟಿಗೆ ಭುಜದ ಬೆಲ್ಟ್ ಹಾಕಿಸಬಹುದಾ?

ಹಾಕಿಸಬಹುದು. ಹಿಂದೆ ಸೊಂಟದ ಬೆಲ್ಟ್ ಮಾತ್ರ ಇದ್ದರೆ ಖಂಡಿತ ಹಾಕಿಸಿ. ಆದರೆ ಬೆಲ್ಟ್‌ಗಿಂತ ಅದನ್ನು ಎಲ್ಲಿಗೆ ಬಿಗಿಯುತ್ತೀರಿ ಅನ್ನೋದೇ ಜಾಸ್ತಿ ಮುಖ್ಯ.

ಮೊದಲು ಒಳಗಿನ ಪ್ಯಾನೆಲ್ ಬಿಚ್ಚಿ ನೋಡಿ. ಕೆಲವು ಗಾಡಿಗಳಲ್ಲಿ ಕಂಪನಿಯೇ ಬೆಸುಗೆ ಹಾಕಿದ ನಟ್ ಅಲ್ಲಿ ಅಡಗಿರುತ್ತದೆ. ಅದಕ್ಕೆ ಸಾಮಾನ್ಯವಾಗಿ 7/16 ಇಂಚಿನ, ಇಂಚಿಗೆ 20 ಥ್ರೆಡ್ ಇರುವ ಬೋಲ್ಟ್ ಕೂರುತ್ತದೆ. ನಟ್ ಇಲ್ಲ ಅಂತ ಬರೀ ತಗಡಿಗೆ ತೂತು ಕೊರೆದು ಬಿಗಿಯಲೇಬೇಡಿ. ಡಿಕ್ಕಿಯಾದಾಗ ಕಿತ್ತು ಬರುತ್ತದೆ. ಬಾಡಿಯ ಗಟ್ಟಿ ಕಂಬಕ್ಕೆ ಅಥವಾ ರೋಲ್ ಬಾರ್‌ಗೆ (ಗಾಡಿ ಮಗುಚಿದರೆ ಒಳಗಿನವರನ್ನು ಕಾಪಾಡುವ ಗಟ್ಟಿ ಕೊಳವೆ), ಹಿಂದೆ ದಪ್ಪ ಉಕ್ಕಿನ ಪ್ಲೇಟ್ ಕೊಟ್ಟು ಹಾಕಿಸಬೇಕು.

ಮೇಲಿನ ಹಿಡಿತ ಭುಜದ ಮಟ್ಟದಲ್ಲಿ ಅಥವಾ ಸ್ವಲ್ಪ ಮೇಲಿರಲಿ. ಕೆಳಗಿದ್ದರೆ ಬೆಲ್ಟ್ ಬೆನ್ನುಮೂಳೆಯನ್ನೇ ಅದುಮುತ್ತದೆ. ಬೆಲ್ಟ್ ಸುತ್ತಿಕೊಳ್ಳುವ ರೀಲ್ ಕೂಡ ತಯಾರಕರು ಹೇಳಿದ ಕೋನದಲ್ಲೇ ಇರಬೇಕು, ವಾಲಿದರೆ ಸುಮ್ನೆ ಲಾಕ್ ಆಗುತ್ತದೆ. ಬೆಸುಗೆ ಕೆಲಸವನ್ನು ಮಾತ್ರ ಅನುಭವಿಗಳಿಗೇ ಬಿಡಿ.