ಹಳೆಯ ಲಕ್ಷುರಿ ಕಾರಿಗೆ ಪಿಕಪ್ ಇಲ್ಲ, ಯಾವ ಭಾಗ ಬದಲಿಸಲಿ?

ಪ್ರಶ್ನೆ: ನನ್ನದು 17 ವರ್ಷ ಹಳೆಯ ಲಕ್ಷುರಿ ಸೆಡಾನ್. 3 ಲೀಟರ್, ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್, ಆಟೋಮ್ಯಾಟಿಕ್ ಗೇರ್. 2,40,000 ಕಿ.ಮೀ. ಓಡಿದೆ. ಮೂರು ತಿಂಗಳಿಂದ ಪಿಕಪ್ ಕಡಿಮೆಯಾಗುತ್ತಾ ಬಂದಿದೆ. ಹೊರಡುವಾಗ ಪರವಾಗಿಲ್ಲ. ಓವರ್‌ಟೇಕ್ ಮಾಡಲು ಆಕ್ಸಿಲರೇಟರ್ ಪೂರ್ತಿ ಒತ್ತಿದರೆ 4000 ಆರ್‌ಪಿಎಂ ಹತ್ತಿರ ಮುಳ್ಳು ನಿಂತುಬಿಡುತ್ತದೆ, ಗಾಡಿ ಉಸಿರು ಕಟ್ಟಿದ ಹಾಗಾಗುತ್ತದೆ. ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ) ಎಂಜಿನ್ ನುಣುಪಾಗಿದೆ. ಚೆಕ್ ಎಂಜಿನ್ ದೀಪ ಉರಿದಿಲ್ಲ. ಪ್ಲಗ್, ಏರ್ ಫಿಲ್ಟರ್ ಹೊಸದು ಹಾಕಿಸಿದೆ, ಏನೂ ವ್ಯತ್ಯಾಸವಾಗಲಿಲ್ಲ. ಈಗ ಮೆಕ್ಯಾನಿಕ್, ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಆರೂ ಇಂಜೆಕ್ಟರ್ ಬದಲಿಸಿ, ಆಮೇಲೆ ಗೇರ್ ಬಾಕ್ಸ್ ಬಿಚ್ಚಿ ನೋಡೋಣ ಎನ್ನುತ್ತಿದ್ದಾರೆ. ಒಪ್ಪಲೇ?

ಉತ್ತರ: ಈಗಲೇ ಒಪ್ಪಬೇಡಿ. ಗೇರ್ ಬಾಕ್ಸ್ ಬಿಚ್ಚಿಸುವುದಕ್ಕಂತೂ ಬೇಡವೇ ಬೇಡ. ನೀವು ಬರೆದಿರುವುದರಲ್ಲೇ ಎರಡು ಒಳ್ಳೆಯ ಸುಳಿವುಗಳಿವೆ: ಐಡಲ್ ಚೆನ್ನಾಗಿದೆ, ಮತ್ತು ಮುಳ್ಳು 4000ದಲ್ಲಿ ನಿಲ್ಲುತ್ತದೆ.

ಎರಡನೆಯದನ್ನೇ ಮೊದಲು ನೋಡೋಣ. ಗೇರ್ ಬಾಕ್ಸ್ ಜಾರುತ್ತಿದ್ದರೆ ಆರ್‌ಪಿಎಂ ಸರ್ರನೆ ಏರುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ನಿಮ್ಮಲ್ಲಿ ಆರ್‌ಪಿಎಂ ಏರುತ್ತಲೇ ಇಲ್ಲ. ಅಂದರೆ ಎಂಜಿನ್ನೇ ಸುಸ್ತಾಗಿದೆ. ಎಂಜಿನ್‌ನ ಶಕ್ತಿಯನ್ನು ಗೇರ್ ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಕೆಟ್ಟರೂ ಗಾಡಿ ಮಂದವಾಗುತ್ತದೆ, ನಿಜ. ಆದರೆ ಆಗ ಸಾಮಾನ್ಯವಾಗಿ ನಿಂತಲ್ಲಿಂದ ಹೊರಡುವುದೇ ಕಷ್ಟ, ವೇಗ ಹಿಡಿದ ಮೇಲೆ ಸರಿಹೋಗುತ್ತದೆ. ನಿಮ್ಮ ಗಾಡಿಯದ್ದು ಇದಕ್ಕೆ ಪೂರ್ತಿ ಉಲ್ಟಾ. ಗೇರ್ ಆಯಿಲ್ ಬದಲಿಸಿ ತುಂಬಾ ವರ್ಷವಾಗಿದ್ದರೆ ಅದನ್ನು ಬದಲಿಸಿ, ಒಳ್ಳೆಯದೇ. ಆದರೆ ಈ ತೊಂದರೆ ಅದರಿಂದ ಹೋಗುತ್ತದೆ ಅಂದುಕೊಳ್ಳಬೇಡಿ.

ಎರಡು ಸಣ್ಣ ಪರೀಕ್ಷೆ ನೀವೇ ಮಾಡಿಕೊಳ್ಳಬಹುದು. ಸ್ವಲ್ಪ ದೂರ ಓಡಿಸಿ ಬಂದು ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಜಾಸ್ತಿ ಬಿಸಿಯಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಇನ್ನೊಂದು, ನೆಲದ ಮ್ಯಾಟ್ ಪೆಡಲ್‌ಗೆ ಅಡ್ಡ ಬರುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ. ದಪ್ಪ ಮ್ಯಾಟ್ ಹಾಕಿಸಿದ ಗಾಡಿಗಳಲ್ಲಿ ಇದು ಆಗುತ್ತದೆ.

ಇನ್ನು ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್‌ನಲ್ಲಿರುವುದನ್ನು ಓದುವ ಉಪಕರಣ. ದೀಪ ಉರಿದಿಲ್ಲ ಅಂದರೆ ಎಲ್ಲ ಸರಿ ಇದೆ ಎಂದಲ್ಲ. ಕಂಪ್ಯೂಟರ್ ತನಗೆ ಸಾಧ್ಯವಾದಷ್ಟು ಸರಿದೂಗಿಸಿಕೊಂಡು ಹೋಗುತ್ತಿರುತ್ತದೆ. ಮಿತಿ ದಾಟಿದ ಮೇಲಷ್ಟೇ ದೀಪ ಹಚ್ಚುತ್ತದೆ. ಹೀಗಾಗಿ ಬರೀ ದೋಷದ ಕೋಡ್ ಓದಿಸಿದರೆ ಸಾಲದು. ಲೈವ್ ಡೇಟಾದಲ್ಲಿ 'ಫ್ಯೂಯಲ್ ಟ್ರಿಮ್' ನೋಡಿಸಿ. ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಜಾಸ್ತಿ (ಪ್ಲಸ್) ಅಥವಾ ಕಡಿಮೆ (ಮೈನಸ್) ಕೊಡಬೇಕಾಗುತ್ತಿದೆ ಎಂಬುದನ್ನು ಅದು ಶೇಕಡಾದಲ್ಲಿ ತೋರಿಸುತ್ತದೆ. ಸೊನ್ನೆಯ ಆಚೀಚೆ 10ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಒಮ್ಮೆ ಐಡಲ್‌ನಲ್ಲಿ, ಒಮ್ಮೆ 2500 ಆರ್‌ಪಿಎಂನಲ್ಲಿ, ಒಮ್ಮೆ ರಸ್ತೆಯಲ್ಲಿ ಎಂಜಿನ್ ಮೇಲೆ ಭಾರ ಬಿದ್ದಾಗ, ಹೀಗೆ ಮೂರು ಸಲ ಬರೆದುಕೊಳ್ಳಲಿ. ಈ ಮೂರು ಅಂಕಿ ನೋಡದೆ ಯಾರಾದರೂ ಭಾಗ ಬದಲಿಸಲು ಹೊರಟರೆ ಅದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಐಡಲ್‌ನಲ್ಲಿ ಪ್ಲಸ್ ಜಾಸ್ತಿಯಿದ್ದು, ಆರ್‌ಪಿಎಂ ಏರಿಸಿದಾಗ ಇಳಿದರೆ ಎಲ್ಲೋ ಗಾಳಿ ಸೋರಿ ಒಳಗೆ ಹೋಗುತ್ತಿದೆ. ಹಳೆಯ ರಬ್ಬರ್ ಪೈಪುಗಳಲ್ಲಿ ಬಿರುಕು ಸಾಮಾನ್ಯ. ಆದರೆ ನಿಮ್ಮ ಐಡಲ್ ಚೆನ್ನಾಗಿರುವುದರಿಂದ ಇದರ ಮೇಲೆ ನನಗೆ ಅಷ್ಟು ಅನುಮಾನವಿಲ್ಲ.

ಐಡಲ್‌ನಲ್ಲಿ ಸರಿಯಿದ್ದು ಭಾರ ಬಿದ್ದಾಗ ಪ್ಲಸ್ ಏರುತ್ತಾ ಹೋದರೆ ಕಾರಣ ಎರಡರಲ್ಲಿ ಒಂದು ಇರಬಹುದು. ಒಂದು, ಒಳಗೆ ಬರುವ ಗಾಳಿಯನ್ನು ಅಳೆಯುವ ಏರ್ ಫ್ಲೋ ಸೆನ್ಸರ್ ಕೊಳೆಯಾಗಿ ಕಡಿಮೆ ತೋರಿಸುತ್ತಿದೆ. ಬಿಸಿಯಾದ ಎಂಜಿನ್ ಐಡಲ್‌ನಲ್ಲಿ ಸುಮಾರಾಗಿ ಎಷ್ಟು ಲೀಟರ್ ಎಂಜಿನ್ನೋ ಸೆಕೆಂಡಿಗೆ ಅಷ್ಟು ಗ್ರಾಂ ಗಾಳಿ ತೋರಿಸಬೇಕು. ನಿಮ್ಮದರಲ್ಲಿ 3ರ ಆಸುಪಾಸು. ಇದು ಅಂದಾಜಿನ ಲೆಕ್ಕ ಅಷ್ಟೇ. ತೀರಾ ಕಡಿಮೆಯಿದ್ದರೆ ಅದಕ್ಕೇ ಮೀಸಲಾದ ಕ್ಲೀನರ್ ಸ್ಪ್ರೇಯಿಂದ ತೊಳೆದು ನೋಡಬಹುದು. ಬಟ್ಟೆಯಿಂದ ಒರೆಸಲು ಬಿಡಬೇಡಿ, ಒಳಗಿನ ತಂತಿ ತುಂಬಾ ಸೂಕ್ಷ್ಮ. ಇನ್ನೊಂದು, ಟ್ಯಾಂಕ್‌ನಿಂದ ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪ್ ದುರ್ಬಲವಾಗಿರಬಹುದು ಅಥವಾ ಅದರ ಫಿಲ್ಟರ್ ಕಟ್ಟಿರಬಹುದು. ಪಂಪ್ ಪರೀಕ್ಷೆಯಲ್ಲಿ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ: ಐಡಲ್‌ನಲ್ಲಿ ಒತ್ತಡ ಅಳೆದು ಸರಿಯಿದೆ ಎಂದುಬಿಡುತ್ತಾರೆ. ಐಡಲ್‌ಗೆ ಬೇಕಾದಷ್ಟು ಪೆಟ್ರೋಲನ್ನು ಸುಸ್ತಾದ ಪಂಪ್ ಕೂಡ ಕೊಡುತ್ತದೆ. ಅಳೆಯಬೇಕಾದದ್ದು ನೀವು ಪೂರ್ತಿ ಒತ್ತಿದಾಗ.

ಟ್ರಿಮ್ ಎಲ್ಲ ಕಡೆ ಸರಿಯಿದ್ದೂ ಎಂಜಿನ್ ಎಳೆಯುತ್ತಿಲ್ಲವೇ? ಆಗ ಸೈಲೆನ್ಸರ್ ದಾರಿ ಕಟ್ಟಿಕೊಂಡಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ನಿಮ್ಮ ವಿವರಣೆ ಓದಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದೂ ಇದೇ. ಆ ದಾರಿಯಲ್ಲಿ ಹೊಗೆಯನ್ನು ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಒಳಗೆ ಜೇನುಗೂಡಿನಂಥ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಅದು ಕರಗಿದರೆ ಅಥವಾ ಪುಡಿಯಾದರೆ ಹೊಗೆ ಹೊರಗೆ ಹೋಗಲು ಜಾಗವಿಲ್ಲ. ಹಳೆಯ ಗಾಳಿ ಹೋಗದಿದ್ದರೆ ಹೊಸ ಗಾಳಿ ಬರುವುದೆಲ್ಲಿ, ಅಲ್ವಾ? ಒಳಗೆ ಬರುವ ಗಾಳಿಯೇ ಕಡಿಮೆಯಾಗುವುದರಿಂದ ಕಂಪ್ಯೂಟರ್ ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಕೊಡುತ್ತದೆ. ಅದರ ಲೆಕ್ಕದಲ್ಲಿ ತಪ್ಪೇನೂ ಕಾಣುವುದಿಲ್ಲ. ದೀಪ ಉರಿಯದಿರುವುದಕ್ಕೂ ಇದು ಕಾರಣವಾಗಿರಬಹುದು. ನಿಮ್ಮ ಎಂಜಿನ್‌ನಲ್ಲಿ ಎರಡು ಬದಿಗೆ ಎರಡು ಕನ್ವರ್ಟರ್ ಇದ್ದು, ಒಂದು ಮಾತ್ರ ಕಟ್ಟಿದ್ದರೆ ಇನ್ನೊಂದು ಗುರುತು ಸಿಗುತ್ತದೆ. ಒಂದು ಬದಿಯ ಟ್ರಿಮ್ ಪ್ಲಸ್‌ಗೂ ಇನ್ನೊಂದು ಬದಿಯದು ಮೈನಸ್‌ಗೂ ಓಡುತ್ತದೆ.

ಇದರ ಪರೀಕ್ಷೆ ಸರಳ. ಕನ್ವರ್ಟರ್ ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ರಂಧ್ರಕ್ಕೆ ಪ್ರೆಶರ್ ಗೇಜ್ ಹಾಕುತ್ತಾರೆ. ಐಡಲ್‌ನಲ್ಲಿ ಸುಮಾರು 1.5 ಪಿಎಸ್‌ಐ ಒಳಗೆ, 2500 ಆರ್‌ಪಿಎಂನಲ್ಲಿ 3 ಪಿಎಸ್‌ಐ ಒಳಗೆ ಇರಬೇಕು. ಅದಕ್ಕಿಂತ ಜಾಸ್ತಿ ಬಂದರೆ ಮುಂದೆ ಎಲ್ಲೋ ದಾರಿ ಕಟ್ಟಿದೆ. ಎಂಜಿನ್ ತಣ್ಣಗಿರುವಾಗ ಬಿಚ್ಚಿಸಿ, ಸೆನ್ಸರ್ ಸುಲಭವಾಗಿ ಬಾರದಿದ್ದರೆ ಬಲವಂತ ಮಾಡಿಸಬೇಡಿ. ಹಲವು ವರ್ಷಗಳ ಹಿಂದೆ ನನ್ನದೇ ಹಳೆಯ ಕಾರಿನಲ್ಲಿ ಈ ಅಳತೆ ಮಾಡಿಸದೆ ಮೊದಲು ಪಂಪ್, ಆಮೇಲೆ ಸೆನ್ಸರ್ ಬದಲಿಸಿದ್ದೆ. ಕೊನೆಗೆ ಸಿಕ್ಕಿದ್ದು ಕರಗಿದ ಕನ್ವರ್ಟರ್. ಹಣ ಹೋದದ್ದಕ್ಕಿಂತ, ಚೆನ್ನಾಗಿದ್ದ ಭಾಗಗಳನ್ನು ಸುಮ್ನೆ ಎಸೆದೆನಲ್ಲ ಎಂಬ ಬೇಜಾರು ಇವತ್ತಿಗೂ ಇದೆ.

ಕನ್ವರ್ಟರ್ ಕಟ್ಟಿದೆ ಎಂದು ಗೊತ್ತಾದರೂ ಕೂಡಲೇ ಹೊಸದು ಹಾಕಿಸಬೇಡಿ. ಅದು ತಾನಾಗಿ ಕರಗುವುದು ಕಡಿಮೆ. ಯಾವುದೋ ಸಿಲಿಂಡರ್ ಮಿಸ್ ಹೊಡೆದು ಉರಿಯದ ಪೆಟ್ರೋಲ್ ಅಲ್ಲಿ ಹೋಗಿ ಉರಿದಿರುತ್ತದೆ, ಇಲ್ಲವೇ ಎಂಜಿನ್ ಆಯಿಲ್ ಕುಡಿಯುತ್ತಿರುತ್ತದೆ. ನಿಮ್ಮ ಹಳೆಯ ಪ್ಲಗ್‌ಗಳು ಇನ್ನೂ ಇದ್ದರೆ ನೋಡಿ. ಒಂದರ ಮೇಲೆ ಮಾತ್ರ ಎಣ್ಣೆಯ ಕಪ್ಪು ಹಿಡಿದಿದ್ದರೆ ಆ ಸಿಲಿಂಡರ್‌ನಿಂದ ಹುಡುಕಲು ಶುರು ಮಾಡಿ. ಮೂಲ ತೊಂದರೆ ಸರಿಪಡಿಸದೆ ಹಾಕಿದ ಹೊಸ ಕನ್ವರ್ಟರ್ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಹೊಗೆಯ ದಾರಿಯೂ ಸರಿ, ಪೆಟ್ರೋಲ್ ಒತ್ತಡವೂ ಸರಿ ಎಂದಾದರೆ ಟೈಮಿಂಗ್ ಚೈನ್ ಸಡಿಲವಾಗಿ ವಾಲ್ವ್‌ಗಳ ಹೊತ್ತು ತಪ್ಪಿದೆಯೇ ನೋಡಿಸಿ, ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಅಳೆಸಿ. ಇಷ್ಟು ಓಡಿದ ಎಂಜಿನ್‌ಗೆ ಇದು ಹೊಸದೇನಲ್ಲ.

ಇನ್ನು ಇಂಜೆಕ್ಟರ್. ಒಂದು ಕೆಟ್ಟಿದ್ದರೆ ಐಡಲ್‌ನಲ್ಲೇ ಎಂಜಿನ್ ನಡುಗಬೇಕಿತ್ತು. ಆರೂ ಒಟ್ಟಿಗೆ, ಒಂದೇ ಅಳತೆಯಲ್ಲಿ ಕಟ್ಟುವುದು ಬಲು ಅಪರೂಪ. ಟ್ರಿಮ್‌ನ ಮೂರು ಅಂಕಿ, ಪೂರ್ತಿ ಒತ್ತಿದಾಗಿನ ಪೆಟ್ರೋಲ್ ಒತ್ತಡ, ಹೊಗೆಯ ದಾರಿಯ ಒತ್ತಡ, ಇವಿಷ್ಟನ್ನು ಬರೆದುಕೊಡಿ ಎಂದು ಮೆಕ್ಯಾನಿಕ್‌ಗೆ ಕೇಳಿ. ಅಲ್ಲಿಯವರೆಗೆ ಪೂರ್ತಿ ಒತ್ತಿ ಓಡಿಸಬೇಡಿ, ಓವರ್‌ಟೇಕ್ ಮಾಡಲು ಹೋಗಬೇಡಿ. ಚೆಕ್ ಎಂಜಿನ್ ದೀಪ ಮಿಣುಕಲು ಶುರುವಾದರೆ ಮಾತ್ರ ಕಾಯಬೇಡಿ. ಸಿಲಿಂಡರ್ ಜೋರಾಗಿ ಮಿಸ್ ಹೊಡೆಯುತ್ತಿದೆ ಎಂದರ್ಥ. ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ.