ಬೀದರ್‌ನಲ್ಲಿ ಡಿಓ ಮೀಟರ್ 93 ತೋರಿಸಿದರೆ ಕೆಟ್ಟಿದೆ ಎಂದಲ್ಲ

ಪ್ರಶ್ನೆ: ಬೀದರ್ ಹತ್ತಿರ ಕೃಷಿಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದೇನೆ. ಕರಗಿದ ಆಮ್ಲಜನಕ ಅಳೆಯಲು ಪೊರೆ ಇರುವ ಪ್ರೋಬಿನ ಡಿಓ ಮೀಟರ್ ತಂದೆ. ಗಾಳಿಯಲ್ಲಿ ಕ್ಯಾಲಿಬ್ರೇಶನ್ (ಅಳತೆ ಹೊಂದಿಸುವುದು) ಮಾಡಿದರೂ ಶೇ 93ರ ಮೇಲೆ ಏರುವುದಿಲ್ಲ. 100ಕ್ಕೆ ಕೂರಿಸಲೇ? ಇನ್ನೊಂದು, ನಸುಕಿನಲ್ಲಿ ಲೀಟರಿಗೆ 4 ಮಿ.ಗ್ರಾಂ ತೋರಿಸುವಾಗಲೂ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ.

ಉತ್ತರ: ಕೂರಿಸಬೇಡಿ, 93 ಸರಿಯಾಗಿಯೇ ಇದೆ. ಮೀಟರಿನ 100 ಎಂದರೆ ಸಮುದ್ರಮಟ್ಟದ ಒತ್ತಡದಲ್ಲಿ ನೀರು ಹಿಡಿಯಬಲ್ಲಷ್ಟು ಆಮ್ಲಜನಕ. ಬೀದರ್ ಸಮುದ್ರಮಟ್ಟದಿಂದ ಸುಮಾರು 610 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಂತೆ 760 ಅಲ್ಲ, 707 ಮಿ.ಮೀ. (ಪಾದರಸದ ಲೆಕ್ಕದಲ್ಲಿ) ಆಸುಪಾಸು, 707ನ್ನು 760ರಿಂದ ಭಾಗಿಸಿದರೆ ಬರುವುದೇ ಆ 93. ಸಮುದ್ರಮಟ್ಟದಲ್ಲಿ 30 ಡಿಗ್ರಿ ನೀರು ಲೀಟರಿಗೆ 7.56 ಮಿ.ಗ್ರಾಂ ಆಮ್ಲಜನಕ ಹಿಡಿದರೆ, ನಿಮ್ಮಲ್ಲಿ ಹಿಡಿಯುವುದು 7ರಷ್ಟೇ. ಒತ್ತಡವನ್ನು ಮೀಟರಿಗೆ ಕೈಯಾರೆ ಕೊಡಬೇಕಿದ್ದರೆ ಮೊಬೈಲಿನ ಹವಾಮಾನ ಆ್ಯಪ್ ನೋಡಿ ಕೊಡಬೇಡಿ. ಅದು ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿ.

ಗಾಳಿಯಲ್ಲಿ ಎಂದರೆ ತೇವ ತುಂಬಿದ ಗಾಳಿಯಲ್ಲಿ. ಬಾಟಲಿಯ ತಳಕ್ಕೆ ಒದ್ದೆ ಸ್ಪಂಜು ಇಟ್ಟು, ಪೊರೆಯ ಮೇಲಿನ ಹನಿ ಒರೆಸಿ, ಪ್ರೋಬ್ ನೀರಿಗೆ ತಾಗದಂತೆ ಇಳಿಬಿಡಿ. ಮುಚ್ಚಳ ಬಿಗಿಯಬೇಡಿ. ನೆರಳಿನಲ್ಲಿ 15 ನಿಮಿಷ ಬಿಟ್ಟು, ಉಷ್ಣತೆಯ ಅಂಕಿ ನಿಂತ ಮೇಲೆ ಬಟನ್ ಒತ್ತಿ. ನಮ್ಮ ಬೇಸಿಗೆಯ ಒಣ ಗಾಳಿಯಲ್ಲಿ ಹಾಗೇ ಹಿಡಿದು ಒತ್ತಿದರೆ ಆಮೇಲಿನ ಅಳತೆಯೆಲ್ಲ ಶೇ 4–5ರಷ್ಟು ಕಡಿಮೆ ಬರುತ್ತದೆ.

ನನಗೆ ಅನುಮಾನ ಇರುವುದು ಆ 4ರ ಮೇಲೆ. ಗೆಂಡೆ ಜಾತಿಯ ಮೀನು ಆಮ್ಲಜನಕದ ಕೊರತೆಗೆ ಹಾಗೆ ಬಾಯಿ ಬಿಡುವುದು ಸಾಮಾನ್ಯವಾಗಿ 2ಕ್ಕಿಂತ ಕೆಳಗಿಳಿದಾಗ. ಗಾಳಿಯ ಕ್ಯಾಲಿಬ್ರೇಶನ್ ಮೇಲಿನ ತುದಿಯನ್ನಷ್ಟೇ ಸರಿಪಡಿಸುತ್ತದೆ. ಸೊನ್ನೆಯ ತುದಿ ಜಾರಿದ್ದರೆ ಹಗಲಿನಲ್ಲಿ ಗೊತ್ತೇ ಆಗುವುದಿಲ್ಲ, ನಸುಕಿನಲ್ಲಿ ಮೋಸ ಮಾಡುತ್ತದೆ. 100 ಮಿ.ಲೀ. ನೀರಿಗೆ, ಅದರ ಆಮ್ಲಜನಕವನ್ನೆಲ್ಲ ಹೀರಿಬಿಡುವ ಸೋಡಿಯಂ ಸಲ್ಫೈಟ್ 5 ಗ್ರಾಂ ಕಲಸಿ (ಅಂಗಡಿಯಲ್ಲಿ ಸಲ್ಫೇಟ್ ಕೊಟ್ಟಾರು, ಚೀಟಿ ಓದಿ) ಪ್ರೋಬ್ ಅದ್ದಿ. ಐದು ನಿಮಿಷದಲ್ಲಿ 0.2ಕ್ಕಿಂತ ಕೆಳಗೆ ಇಳಿಯಬೇಕು. 1ರಲ್ಲೋ 1.5ರಲ್ಲೋ ನಿಂತರೆ ಪೊರೆ ಹರಿದಿದೆ, ಒಳಗೆ ಗುಳ್ಳೆ ಸೇರಿದೆ, ಇಲ್ಲವೇ ಲೋಹದ ತುದಿ ಮಾಸಿದೆ. ಪೊರೆ ಮತ್ತು ಒಳಗಿನ ದ್ರಾವಣ ಎರಡನ್ನೂ ಬದಲಿಸಿ, ಮತ್ತೆ ಗಾಳಿಯಿಂದ ಶುರುಮಾಡಿ. ಸಲ್ಫೈಟ್ ಉಳಿಯದಂತೆ ಪ್ರೋಬನ್ನು ಚೆನ್ನಾಗಿ ತೊಳೆಯಿರಿ.

ಸೊನ್ನೆ ಸರಿ ಇದ್ದರೆ ಅಳೆಯುವ ಜಾಗ ನೋಡಿ. ದಡದ ಮೇಲ್ನೀರಿನಲ್ಲಿ 4 ಇದ್ದಾಗ ತಳದಲ್ಲಿ 1 ಇರಬಹುದು. ಪ್ರೋಬನ್ನು ಕೆಳಗಿಳಿಸಿ, ಸೆಕೆಂಡಿಗೆ ಒಂದು ಗೇಣಿನಂತೆ ಆಡಿಸುತ್ತಿರಿ; ಸುಮ್ಮನೆ ಬಿಟ್ಟರೆ ಪೊರೆಯ ಬಳಿಯ ಆಮ್ಲಜನಕವನ್ನು ಪ್ರೋಬೇ ತಿಂದು ಅಂಕಿ ಇಳಿಯುತ್ತದೆ. ತಳದಲ್ಲೂ 4 ಬಂದರೆ ಅಮೋನಿಯಾ ಮತ್ತು ಕಿವಿರು ಪರೀಕ್ಷಿಸಿ.

ಇದೆಲ್ಲ ಬೆಳಕು ಹರಿದ ಮೇಲಿನ ಕೆಲಸ. ನಸುಕಿನಲ್ಲಿ ಮೀನು ಬಾಯಿ ಬಿಡುತ್ತಿದ್ದರೆ ಮೀಟರ್ ಏನೇ ಹೇಳಲಿ, ಮೊದಲು ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಹಾಕಿ.