ಒಗ್ಗರಣೆ ಹಾಕಿದರೆ ಮನೆಬಿಟ್ಟು ಓಡುವ ಮಗ

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲ, ಆಟಿಸಂ (ಮಿದುಳಿನ ಬೆಳವಣಿಗೆಯಲ್ಲೇ ಇರುವ ಭಿನ್ನತೆ) ಇರುವವರಿಗೆ ವಾಸನೆಯಿಂದ ಆಗುವ ತೊಂದರೆ ಕುರಿತು ಬಂದ ಪತ್ರಗಳು.

ನಮ್ಮ ಮಗನಿಗೆ ಒಂಬತ್ತು ವರ್ಷ, ಆಟಿಸಂ ಐತಿ. ಒಗ್ಗರಣಿಗೆ ಮೆಣಸಿನಕಾಯಿ ಬಿದ್ದರ ಸಾಕು, ಮೂಗು ಮುಚ್ಚಿಕೊಂಡು ಚೀರಿ ಹೊರಗ ಓಡತಾನ. ನಮ್ಮ ಅತ್ತಿಯವರು ‘ಸೊಕ್ಕು, ಎರಡು ಬಿಗದರ ಸರಿ ಹೋಗತಾನ’ ಅಂತಾರ. ರೂಮ್ ಫ್ರೆಶ್ನರ್ ಹೊಡದ್ವಿ, ಊದಿನಕಡ್ಡಿ ಹಚ್ಚಿದ್ವಿ, ಇನ್ನೂ ಹೆಚ್ಚಾತು. ಏನ್ ಮಾಡಬೇಕ್ರಿ?
– ಒಬ್ಬ ತಾಯಿ, ಗೋಕಾಕ

ಮೊದಲು ಅತ್ತೆಯವರಿಗೆ ಹೇಳಬೇಕಾದ ಮಾತು. ಇದು ಸೊಕ್ಕಲ್ಲ. ವೈದ್ಯರು ಆಟಿಸಂ ಗುರುತಿಸಲು ಬಳಸುವ ಡಿಎಸ್‌ಎಂ-5 ಕೈಪಿಡಿ 2013ರಲ್ಲಿ ಬಂದಾಗಲೇ, ಸದ್ದು, ಬೆಳಕು, ಸ್ಪರ್ಶ, ವಾಸನೆಗಳಿಗೆ ಅತಿಯಾಗಿ ಇಲ್ಲವೇ ತೀರಾ ಕಡಿಮೆ ಸ್ಪಂದಿಸುವುದನ್ನು ಲಕ್ಷಣಗಳ ಪಟ್ಟಿಗೆ ಸೇರಿಸಿತು. ಹುಡುಗನ ಮೂಗು ನಿಮ್ಮದಕ್ಕಿಂತ ಚುರುಕಾಗಿರಲೇಬೇಕೆಂದಿಲ್ಲ. ನಮಗೆ ಒಂದು ವಾಸನೆ ಕೆಲವು ನಿಮಿಷಗಳಲ್ಲಿ ಮರೆತೇ ಹೋಗುತ್ತದೆ, ಮಿದುಳು ಅದನ್ನು ಪಕ್ಕಕ್ಕೆ ಸರಿಸಿಬಿಡುತ್ತದೆ. ಆಟಿಸಂ ಇರುವ ಅನೇಕರಲ್ಲಿ ಹಾಗೆ ಸರಿಯುವುದು ನಿಧಾನ, ಕೆಲವೊಮ್ಮೆ ಸರಿಯುವುದೇ ಇಲ್ಲ. ಹೊಡೆದರೆ ವಾಸನೆಯ ಜೊತೆಗೆ ಹೆದರಿಕೆಯೂ ಸೇರುತ್ತದೆ, ಅಷ್ಟೆ.

ಮೆಣಸಿನಕಾಯಿಯದು ಬೇರೆಯದೇ ಲೆಕ್ಕ. ಅದರ ಘಾಟು ಬರೀ ವಾಸನೆಯಲ್ಲ. ಕಾದ ಎಣ್ಣೆಯಿಂದ ಮೇಲೇಳುವ ಖಾರದ ಅಂಶ ಮೂಗು, ಕಣ್ಣು, ಗಂಟಲಿನ ನೋವಿನ ನರಗಳನ್ನೇ ಕೆಣಕುತ್ತದೆ. ನೀವು ಕೆಮ್ಮಿ ಸುಮ್ಮನಾಗುತ್ತೀರಿ, ಅವನಿಗೆ ಅದು ಉರಿ. ಹಾಗಾಗಿ ಒಗ್ಗರಣೆಯ ಕ್ರಮವನ್ನೇ ಬದಲಿಸಿ. ಸಾಸಿವೆ, ಜೀರಿಗೆ, ಕರಿಬೇವು ಸಿಡಿದ ಮೇಲೆ ಒಲೆ ಆರಿಸಿ, ಅರ್ಧ ನಿಮಿಷ ಬಿಟ್ಟು ಮೆಣಸಿನಕಾಯಿ ಹಾಕಿ, ಕೂಡಲೇ ಮುಚ್ಚಳ ಮುಚ್ಚಿ. ಮುರಿಯದೆ ಇಡಿಯಾಗಿ ಹಾಕಿದರೆ ಘಾಟು ಕಡಿಮೆ. ಖಾರಪುಡಿಯಾದರೆ ಎಣ್ಣೆಗೆ ಉದುರಿಸಬೇಡಿ, ಪಲ್ಯಕ್ಕೆ ನೀರು ಬಿದ್ದ ಮೇಲೆ ಕಲಸಿ.

ಎಕ್ಸಾಸ್ಟ್ ಫ್ಯಾನ್ ಇದ್ದರೂ ಘಾಟು ಮನೆಯೆಲ್ಲ ತುಂಬುವುದೇಕೆ? ಅಡುಗೆಮನೆಯ ಕಿಟಕಿ ತೆರೆದಿದ್ದರೆ ಫ್ಯಾನ್ ಅಲ್ಲಿಂದಲೇ ಗಾಳಿ ಎಳೆದು ಅಲ್ಲೇ ಹೊರಗೆ ದೂಡುತ್ತದೆ, ಒಳಗಿನ ಘಾಟು ಅಲ್ಲೇ ಸುತ್ತುತ್ತದೆ. ಅಡುಗೆಮನೆ ಕಿಟಕಿ ಮುಚ್ಚಿ, ಹುಡುಗ ಇರುವ ಕೋಣೆಯ ಕಿಟಕಿ ತೆರೆಯಿರಿ. ಗಾಳಿ ಅವನ ಕಡೆಯಿಂದ ಒಲೆಯ ಕಡೆಗೆ ಹರಿಯಬೇಕು. ಒಂದು ಎಳೆ ದಾರ ಬಾಗಿಲಲ್ಲಿ ಹಿಡಿದು ನೋಡಿ, ಅದು ಒಲೆಯ ಕಡೆಗೆ ವಾಲಿದರೆ ಸರಿ. ಫ್ಯಾನನ್ನು ಒಗ್ಗರಣೆಗೆ ಐದು ನಿಮಿಷ ಮೊದಲೇ ಹಚ್ಚಿ, ಆಮೇಲೂ ಹದಿನೈದು ನಿಮಿಷ ಬಿಡಿ. ಪಡಸಾಲೆಯ ಸೀಲಿಂಗ್ ಫ್ಯಾನ್ ಅಷ್ಟು ಹೊತ್ತು ಬಂದ್ ಇರಲಿ. ಬೇಸಿಗೆಯಲ್ಲಿ ವರ್ಷದ ಮಸಾಲಿ ಖಾರಕ್ಕೆ ಹುರಿಯುವ ದಿನ ಮಾತ್ರ ಈ ಉಪಾಯಗಳೆಲ್ಲ ಸಾಲವು. ಅಂದು ಅವನನ್ನು ಸಂಬಂಧಿಕರ ಮನೆಗೆ ಕಳಿಸಿ, ಇಲ್ಲವೇ ಅಂಗಳದಲ್ಲಿ, ಗಾಳಿ ಮನೆಯಿಂದ ಆಚೆ ಬೀಸುವಾಗ ಹುರಿಯಿರಿ.

ರೂಮ್ ಫ್ರೆಶ್ನರ್ ಹೆಚ್ಚಾಗಿ ವಾಸನೆಯನ್ನು ತೆಗೆಯುವುದಿಲ್ಲ, ಇರುವುದರ ಮೇಲೆ ಇನ್ನೊಂದನ್ನು ಹೇರುತ್ತದೆ. ಊದಿನಕಡ್ಡಿ ಜೊತೆಗೆ ಹೊಗೆಯನ್ನೂ ಕೊಡುತ್ತದೆ. ಎರಡೂ ಬೇಡ.

‘ಇನ್ನ ಐದು ನಿಮಿಷಕ್ಕ ಒಗ್ಗರಣಿ ಹಾಕತೀನಿ, ಕಟ್ಟಿ ಮ್ಯಾಲ ಕೂಡು’ ಎಂದು ದಿನವೂ ಅದೇ ಮಾತಿನಲ್ಲಿ ಹೇಳಿ. ಮಾತು ಕಡಿಮೆಯಿದ್ದರೆ ಬಾಣಲೆಯ ಚಿತ್ರ ತೋರಿಸಿ. ಮೊದಲೇ ಗೊತ್ತಿದ್ದರೆ ತಡೆದುಕೊಳ್ಳುವುದು ಸುಲಭ. ಚೀರಾಟ ಶುರುವಾಗಿಬಿಟ್ಟಿದ್ದರೆ ‘ಏನಾತು, ಯಾಕ’ ಎಂದು ಕೇಳಬೇಡಿ, ಹಿಡಿದೆಳೆಯಬೇಡಿ. ಹೊರಗಿನ ಗಾಳಿ, ನೆರಳು, ಮೌನ, ಇಷ್ಟೇ ಸಾಕು. ಕೆಲವರು ಅರ್ಧ ಗಂಟೆಗೆ ಸರಿಯಾಗುತ್ತಾರೆ, ಕೆಲವರಿಗೆ ಇಡೀ ದಿನ ಬೇಕು.

ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಹೊತ್ತು, ಯಾವ ವಾಸನೆ, ಆಗ ಮಿಕ್ಸಿ ಅಥವಾ ಟಿವಿ ನಡೆದಿತ್ತೇ, ಹಿಂದಿನ ರಾತ್ರಿ ನಿದ್ದೆ, ಹಸಿವೆ, ಮಲಬದ್ಧತೆ, ಸರಿಯಾಗಲು ಹಿಡಿದ ಸಮಯ. ವಾಸನೆಯೊಂದರಿಂದಲೇ ಮಗು ಕಟ್ಟೆಯೊಡೆಯುವುದು ಕಡಿಮೆ. ನಿದ್ದೆಗೆಟ್ಟ ದಿನ, ಮಿಕ್ಸಿ ತಿರುಗುವಾಗ ಬಿದ್ದ ಒಗ್ಗರಣೆಯೇ ಹೆಚ್ಚಾಗಿ ಕೊನೆಯ ಪೆಟ್ಟು. ಮೂಗಿಗೆ ಏನೂ ಮಾಡಲಾಗದ ದಿನ ಮಿಕ್ಸಿಯನ್ನಾದರೂ ನಿಲ್ಲಿಸಬಹುದಲ್ಲ.

ನನಗ 22 ವರ್ಷ, ಆಟಿಸಂ ಇರೋದು ಹೋದ ವರ್ಷ ಗೊತ್ತಾತು. ಹಾಸ್ಟೆಲ್‌ನ್ಯಾಗ ಫಿನಾಯಿಲ್, ರೂಮ್‌ಮೇಟ್ ಸೆಂಟ್, ಬಸ್ಸಿನ್ಯಾಗ ಡೀಸೆಲ್. ತಲಿ ಜಾಮ್ ಆಗಿ ಮಾತs ಹೊರಡಂಗಿಲ್ಲ. ಎನ್-95 ಮಾಸ್ಕ್ ಹಾಕಿದರೂ ವಾಸನಿ ಬರತೈತಿ.
– ಜಮಖಂಡಿ

ಎನ್-95 ತಡೆಯುವುದು ಕಣಗಳನ್ನು. ಧೂಳು, ಹೊಗೆಯ ಕಣ ನಿಲ್ಲುತ್ತವೆ. ಫಿನಾಯಿಲ್, ಸೆಂಟಿನ ವಾಸನೆ ಆವಿಯಾಗಿ ಬರುವುದರಿಂದ ನುಸುಳುತ್ತದೆ. ಆಕ್ಟಿವೇಟೆಡ್ ಕಾರ್ಬನ್ (ವಾಸನೆ ಹೀರುವ ಇದ್ದಿಲು) ಪದರ ಇರುವ ಮಾಸ್ಕ್ ಕೊಳ್ಳಿ. ಮೂಗಿನ ಪಕ್ಕ ಸಂದಿ ಉಳಿದರೆ ಅದೂ ದಂಡ. ಬಳಸದಾಗ ಜಿಪ್ ಚೀಲದಲ್ಲಿ ಮುಚ್ಚಿಡಿ, ಬಿಚ್ಚಿಟ್ಟರೆ ಆ ಇದ್ದಿಲು ಕೋಣೆಯ ವಾಸನೆಯನ್ನೇ ಹೀರಿ ತುಂಬಿಕೊಳ್ಳುತ್ತದೆ. ವಾಸನೆ ಮತ್ತೆ ಬರತೊಡಗಿದರೆ ಮಾಸ್ಕ್ ಮುಗಿದಂತೆ. ತೊಳೆದರೆ ಹೀರುವ ಶಕ್ತಿ ಮರಳಿ ಬರುವುದಿಲ್ಲ.

ಕೆಲವು ಹಾಸ್ಟೆಲ್‌ಗಳಲ್ಲಿ ಫಿನಾಯಿಲ್ಲನ್ನು ನೀರು ಬೆರೆಸದೆ ಸುರಿಯುವುದುಂಟು. ಬಾಟಲಿಯ ಮೇಲೆ ಬರೆದ ಅಳತೆಯಲ್ಲೇ ನೀರಿಗೆ ಬೆರೆಸಿ, ನೀವು ಕ್ಲಾಸಿಗೆ ಹೋದಾಗ ಒರೆಸಲು ವಾರ್ಡನ್‌ಗೆ ಲಿಖಿತವಾಗಿ ಕೇಳಿ. ಬ್ಲೀಚಿಂಗ್ ಪೌಡರ್ ಮತ್ತು ಸಂಡಾಸು ತೊಳೆಯುವ ಆಸಿಡ್ ಒಟ್ಟಿಗೆ ಬಳಸುತ್ತಿದ್ದರೆ ಅದನ್ನು ಎಲ್ಲರ ಪರವಾಗಿಯೂ ನಿಲ್ಲಿಸಿ. ಹುಟ್ಟುವುದು ಕ್ಲೋರಿನ್, ವಿಷಗಾಳಿ.

ಎಂಜಿನ್ ಮುಂದಿರುವ ಬಸ್ಸಿನಲ್ಲಿ ಡ್ರೈವರ್ ಪಕ್ಕವೂ ಬೇಡ, ಹಿಂದಿನ ಸಾಲೂ ಬೇಡ. ನಡುವೆ, ಕಿಟಕಿ ಪಕ್ಕ ಕೂಡಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆ ದಾಟುವಾಗ ಮಾತ್ರ ಕಿಟಕಿ ಮುಚ್ಚಿ ಮಾಸ್ಕ್ ಏರಿಸಿ.

ಗೆಳೆಯನಿಗೆ ಆಟಿಸಂ ವಿವರಿಸಲೇಬೇಕೆಂದಿಲ್ಲ. ‘ಸೆಂಟ್ ಹೊರಗ ಹೊಡಕೊಂಡು ಬಾರಪಾ, ನನಗ ತಲಿ ಹಿಡೀತೈತಿ’ ಎಂದರೆ ಸಾಕು. ಮಾತು ನಿಂತುಹೋಗುವ ಹೊತ್ತಿಗಾಗಿ ಇದೇ ಸಾಲನ್ನು ಫೋನಿನಲ್ಲಿ ಟೈಪ್ ಮಾಡಿ ಇಟ್ಟುಕೊಳ್ಳಿ. ಹೊಸ ಅಂಗಿಯ ಗಂಜಿ ವಾಸನೆ ಕಾಡುತ್ತಿದ್ದರೆ ಸುವಾಸನೆಯಿಲ್ಲದ ಸೋಪಿನಲ್ಲಿ ಎರಡು ಸಲ ಒಗೆದು, ಕೊನೆಯ ಬಕೆಟ್ ನೀರಿಗೆ ಅರ್ಧ ಕಪ್ ಬಿಳಿ ವಿನೆಗರ್ ಹಾಕಿ, ಬಿಸಿಲಿಗೆ ಒಣಗಿಸಿ. ಒಣಗಿದ ಮೇಲೆ ವಿನೆಗರ್ ವಾಸನೆ ಹೋಗುತ್ತದೆ.

ನಮ್ಮ ಶಾಲೆಯ ಏಳನೇ ತರಗತಿಯಲ್ಲಿ ಆಟಿಸಂ ಇರುವ ಹುಡುಗಿ ಇದ್ದಾಳೆ. ಬಿಸಿಯೂಟದ ಸಾಲಿನಲ್ಲಿ ನಿಲ್ಲುವುದಿಲ್ಲ, ವಾಂತಿ ಬಂದಂತೆ ಮಾಡುತ್ತಾಳೆ. ರೂಢಿ ಮಾಡಿಸಬೇಕೇ?
– ಶಿಕ್ಷಕಿ, ಇಂಡಿ ತಾಲ್ಲೂಕು

ಬಲವಂತದ ರೂಢಿ ಬೇಡ. ಆ ಓಕರಿಕೆ ನಾಟಕವಲ್ಲ. ಉಳಿದವರು ಸಾಲು ಕಟ್ಟುವ ಹತ್ತು ನಿಮಿಷ ಮೊದಲು ಅವಳ ತಟ್ಟೆ ಬಡಿಸಿ, ಜಗುಲಿಯಲ್ಲಿ ಕೂತು ಉಣ್ಣಲಿ. ಬಿಸಿ ಇದ್ದಷ್ಟೂ ವಾಸನೆ ಜಾಸ್ತಿ, ಆರಿದ ಅನ್ನ ಅವಳಿಗೆ ವಾಸಿ. ತರಗತಿಯಲ್ಲಿ ಶೌಚಾಲಯ, ಅಡುಗೆಕೋಣೆಗಳಿಂದ ದೂರದ ಕಿಟಕಿ ಪಕ್ಕ ಕೂರಿಸಿ. ಮಾರ್ಕರ್ ಬಿಟ್ಟು ಸೀಮೆಸುಣ್ಣ ಬಳಸಿ. ನಿಮ್ಮ ಮುಡಿಯ ಮಲ್ಲಿಗೆಯನ್ನೂ ಒಮ್ಮೆ ಅನುಮಾನಿಸಿ. ಮೇಜಿನ ಮೇಲೆ ಒಂದು ಕೆಂಪು ಚೀಟಿ ಇರಲಿ. ಅದನ್ನು ಎತ್ತಿ ತೋರಿಸಿದರೆ ಕೇಳದೆಯೇ ಹೊರಹೋಗಿ ಗೊತ್ತಾದ ಜಾಗದಲ್ಲಿ ಹತ್ತು ನಿಮಿಷ ಕೂತು ಬರಬಹುದು. ಮುಖ್ಯಗುರುಗಳು ಒಪ್ಪದಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತೋರಿಸಿ. ಆಟಿಸಂ ಅದರ 21 ಅಂಗವೈಕಲ್ಯಗಳಲ್ಲೊಂದು. ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಬೇಕೆಂದು 16ನೇ ಕಲಮು ಹೇಳುತ್ತದೆ.

ನಮ್ಮ ಮಗಳದು ಉಲ್ಟಾ. ಎಲ್ಲಾ ಮೂಸತಾಳ, ಪೆಟ್ರೋಲ್, ಥಿನ್ನರ್ ಸುದ್ದಾ.
– ಮುಧೋಳ

ಇದೂ ಆಟಿಸಂನಲ್ಲಿ ಕಾಣುವುದೇ. ಬೈದು ಬಿಡಿಸಲು ಹೋಗದೆ ಮೂಸಲು ಒಳ್ಳೆಯದನ್ನು ಕೊಡಿ: ತುಳಸಿ, ಕಿತ್ತಳೆ ಸಿಪ್ಪೆ, ತೂತುಮುಚ್ಚಳದ ಡಬ್ಬಿಯಲ್ಲಿ ಏಲಕ್ಕಿ. ಪೆಟ್ರೋಲ್, ಥಿನ್ನರ್, ಸ್ಯಾನಿಟೈಸರ್ ಕೀಲಿಯೊಳಗೇ ಇರಬೇಕು, ಅಲ್ಲಿ ರಾಜಿಯಿಲ್ಲ.

ಮೊಮ್ಮಗನ ಮೂಗಿಗೆ ವಾಸನಿ ರೂಢಿ ಆಗಲಿ ಅಂತ ಅರಿವ್ಯಾಗ ಕರ್ಪೂರ ಕಟ್ಟಿ ಕೊರಳಿಗೆ ಹಾಕಬಹುದೇನ್ರಿ?
– ಒಬ್ಬ ಅಜ್ಜಿ, ಇಳಕಲ್ಲ

ಹಾಕಬೇಡಿ. ಕರ್ಪೂರ, ನೀಲಗಿರಿ ಎಣ್ಣೆ ಎರಡೂ ಮಕ್ಕಳಲ್ಲಿ ಫಿಟ್ಸ್ ತರಬಲ್ಲವು, ಬಾಯಿಗೆ ಹೋದರಂತೂ ಅಪಾಯ. ಆಟಿಸಂ ಇರುವವರಲ್ಲಿ ಫಿಟ್ಸ್ ಮೊದಲೇ ಹೆಚ್ಚು. ಟ್ರಂಕಿನ ಡಾಂಬರು ಗುಳಿಗೆಯನ್ನೂ ತೆಗೆದುಬಿಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಲ್ಲಿ ಅದರ ನ್ಯಾಫ್ತಲೀನ್ ರಕ್ತಕಣಗಳನ್ನೇ ಒಡೆಯಬಲ್ಲದು. ಇನ್ನೊಂದು ಗಮನಿಸಿ: ಬೇರೆ ಯಾರಿಗೂ ಬಾರದ ಸುಟ್ಟ ವಾಸನೆ ಬಂತೆಂದು ಹೇಳಿ ಕೆಲವು ಕ್ಷಣ ಶೂನ್ಯ ನೋಡುತ್ತಾ ನಿಂತರೆ, ತುಟಿ ಚಪ್ಪರಿಸಿದರೆ, ಅದು ಆಟಿಸಂನ ವಾಸನೆ ತೊಂದರೆಯಲ್ಲ, ಫಿಟ್ಸ್ ಇರಬಹುದು. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ನರರೋಗ ತಜ್ಞರಿಗೆ ತೋರಿಸಿ. ನಿಮ್ಮ ಕಡೆಯವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ (ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ) ಇದೆ.